ಕಾಯಿಲೆಯ ಮಗುವಿನ ಆಸೆಯ ಪ್ರವಾಸ: ಹೊರಡುವ ಮುಂಚೆ, ಹೊರಟ ಮೇಲೆ

ಮಗುವಿಗೆ ದೊಡ್ಡ ಕಾಯಿಲೆ ಬಂದ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಸುತ್ತದೆ. "ಎಲ್ಲ ಮುಗೀಲಿ ಪುಟ್ಟಾ, ಆಮೇಲೆ ಹೋಗೋಣ." ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಮಕ್ಕಳ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆ ಎರಡು, ಎರಡೂವರೆ ವರ್ಷ ನಡೆಯುತ್ತದೆ. ಐದು ವರ್ಷದ ಮಗುವಿಗೆ ಅದು ತನಗೆ ನೆನಪಿರುವ ಇಡೀ ಬದುಕಿನಷ್ಟು ದೊಡ್ಡದು. ಮತ್ತೆ ಮತ್ತೆ ರಕ್ತ ಹಾಕಿಸಬೇಕಾಗುವ ಥಲಸ್ಸೀಮಿಯಾ, ಸ್ನಾಯುಗಳು ಸೋಲುತ್ತಾ ಹೋಗುವ ಡುಶೆನ್ ಕಾಯಿಲೆ, ಕೆಲವು ಹೃದಯದ ತೊಂದರೆಗಳಲ್ಲಂತೂ "ಎಲ್ಲ ಮುಗಿಯುವುದು" ಎಂಬ ದಿನವೇ ಕಣ್ಣಿಗೆ ಕಾಣುವುದಿಲ್ಲ.

ಆದ್ದರಿಂದ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ಭೇಟಿಯಾಗುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟೇ. ಕಾಯಬೇಡಿ. ಡಾಕ್ಟರು ಒಪ್ಪಿದ ಮೊದಲ ಒಳ್ಳೆಯ ವಾರದಲ್ಲಿ ಸಣ್ಣದಾಗಿ, ಹತ್ತಿರಕ್ಕೆ, ಮಗು ಕೇಳಿದ ಒಂದೇ ಒಂದು ವಿಷಯಕ್ಕಾಗಿ ಹೋಗಿ ಬನ್ನಿ. ಹೇಗೆ ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಇದರಲ್ಲಿ ಯಾವುದೂ ನಿಮ್ಮ ಡಾಕ್ಟರ ಮಾತಿಗೆ ಬದಲಿ ಅಲ್ಲ.

ಮೊದಲು ಮಗುವನ್ನು ಕೇಳಿ

ಈ ಕೆಲಸ ಸುಲಭ ಅನ್ನಿಸುತ್ತದೆ. ಹೆಚ್ಚಿನ ಪ್ರವಾಸಗಳು ದಾರಿ ತಪ್ಪುವುದು ಇಲ್ಲಿಯೇ. ದೊಡ್ಡವರು ತಾವೇ ಊಹಿಸಿಕೊಂಡು ಜಾಗ ಆರಿಸಿಬಿಡುತ್ತಾರೆ.

"ಎಲ್ಲಿಗೆ ಹೋಗೋಣ?" ಅಂತ ಕೇಳಿದರೆ ಮಗು ಟಿವಿಯಲ್ಲಿ ನೋಡಿದ ಯಾವುದೋ ಹೆಸರು ಹೇಳುತ್ತದೆ. "ಅಲ್ಲಿ ಹೋಗಿ ಏನು ಮಾಡ್ತೀಯಾ?" ಅಂತ ಕೇಳಿ. ನಿಜವಾದ ಆಸೆ ಆ ಉತ್ತರದಲ್ಲಿರುತ್ತದೆ. ವಿಮಾನದಲ್ಲಿ ದೆಹಲಿಗೆ ಹೋಗಬೇಕು ಅನ್ನುವ ಹುಡುಗನಿಗೆ ದೆಹಲಿ ಬೇಕಾಗಿರುವುದಿಲ್ಲ, ಕಿಟಕಿಯ ಪಕ್ಕ ಕೂತು ಮೋಡ ನೋಡಬೇಕಾಗಿರುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು ಒಂದು ಗಂಟೆಯ ವಿಮಾನ ಸಾಕು. ಸಮುದ್ರ ನೋಡಬೇಕು ಅನ್ನುವ ಹುಡುಗಿಗೆ ಮರಳಿನಲ್ಲಿ ಚಿಕ್ಕಪ್ಪನ ಮಕ್ಕಳ ಜೊತೆ ಗುಡ್ಡ ಕಟ್ಟುವ ಆಸೆ ಇರಬಹುದು. ಹಾಗಿದ್ದರೆ ಸಮುದ್ರದಷ್ಟೇ ಚಿಕ್ಕಪ್ಪನ ಮಕ್ಕಳೂ ಮುಖ್ಯ. ತಿಂಗಳುಗಟ್ಟಲೆ ವಾರ್ಡ್‌ನಲ್ಲಿದ್ದ ಎಷ್ಟೋ ಮಕ್ಕಳು "ಅಜ್ಜಿ ಊರಿಗೆ" ಅನ್ನುತ್ತಾರೆ. ಅದನ್ನು ಸಣ್ಣ ಆಸೆ ಅಂತ ತಳ್ಳಿಹಾಕಬೇಡಿ.

ಒಂದೇ ಸಲ ಕೇಳಿ ಮುಗಿಸಬೇಡಿ. ಚಿತ್ರ ಬರೆಸಿ. ಅಮ್ಮ ಇಲ್ಲದಾಗ ಅಪ್ಪ ಕೇಳಲಿ, ಇಬ್ಬರೂ ಇಲ್ಲದಾಗ ನರ್ಸ್ ಕೇಳಲಿ. ದೊಡ್ಡ ಮಕ್ಕಳು ಖರ್ಚಿನ ಚಿಂತೆಯಿಂದ ಸುಮ್ನೆ "ಏನೂ ಬೇಡ" ಅಂದುಬಿಡುತ್ತಾರೆ. ಮನೆಯ ಸಾಲದ ಮಾತು ಅವರ ಕಿವಿಗೆ ಬಿದ್ದಿರುತ್ತದೆ.

ಇನ್ನೊಂದು ಮಾತು, ಸ್ವಲ್ಪ ಸೂಕ್ಷ್ಮವಾದದ್ದು. ನಮ್ಮಲ್ಲಿ ಮಗು ಕಾಯಿಲೆ ಬಿದ್ದಾಗ ಹರಕೆ ಹೊತ್ತಿರುತ್ತೇವೆ. ಪ್ರವಾಸ ಅಂದ ಕೂಡಲೇ ಅದು ಧರ್ಮಸ್ಥಳ, ಕುಕ್ಕೆ, ತಿರುಪತಿ ಆಗಿಬಿಡುತ್ತದೆ. ಹರಕೆಯನ್ನು ಗೌರವದಿಂದ ತೀರಿಸಿ, ಆದರೆ ಅದನ್ನು ಮಗುವಿನ ಆಸೆಯ ಲೆಕ್ಕಕ್ಕೆ ಸೇರಿಸಬೇಡಿ. ಗಂಟೆಗಟ್ಟಲೆ ಕ್ಯೂ, ಒತ್ತೊತ್ತಾಗಿ ನಿಂತ ಜನ, ಕೆಮ್ಮು ನೆಗಡಿ ಇವೆಲ್ಲ ಕೀಮೋ, ಅಂದರೆ ಕ್ಯಾನ್ಸರ್ ಔಷಧಿಯ ಚಿಕಿತ್ಸೆ, ನಡೆಯುತ್ತಿರುವ ಮಗುವಿಗೆ ಅಪಾಯ. ಮುಡಿ ಕೊಡುವ ಹರಕೆ ಇದ್ದರೆ ಚಿಕಿತ್ಸೆ ಮುಗಿದ ಮೇಲೆ ಕೊಡಬಹುದು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳು ಕಡಿಮೆ ಇರುವಾಗ ರೇಜರ್‌ನ ಸಣ್ಣ ಗಾಯವೂ ತೊಂದರೆ ಕೊಡುತ್ತದೆ. ಮಗುವಿಗೆ ಹುಷಾರಾದ ಮೇಲೆ ಹರಕೆ ತೀರಿಸಿದರೆ ಯಾವ ದೇವರೂ ಕೋಪಿಸಿಕೊಳ್ಳುವುದಿಲ್ಲ ಅನ್ನುವುದು ನನ್ನ ನಂಬಿಕೆ.

ದಿನ ಗೊತ್ತು ಮಾಡುವುದು ಡಾಕ್ಟರು

ಟಿಕೆಟ್ ಮಾಡಿಸಿ ಆಮೇಲೆ ಡಾಕ್ಟರನ್ನು ಕೇಳುವವರಿದ್ದಾರೆ. ಉಲ್ಟಾ ಮಾಡಿ. "ಮುಂದಿನ ಎರಡು ಮೂರು ತಿಂಗಳಲ್ಲಿ ನಮ್ಮ ಮಗು ಎರಡು ಮೂರು ದಿನ ಹೊರಗೆ ಹೋಗಬಹುದಾದ ವಾರ ಯಾವುದು?" ಅಂತ ಕೇಳಿ. ಪ್ರಶ್ನೆ ಇಷ್ಟು ನೇರವಾಗಿದ್ದರೆ ಉತ್ತರವೂ ನೇರವಾಗಿ ಬರುತ್ತದೆ. "ಹೋಗಬಹುದಾ ಡಾಕ್ಟ್ರೇ?" ಅಂತ ಕೇಳಿದರೆ ಸುಲಭವಾಗಿ ಬರುವ ಉತ್ತರ "ಈಗ ಬೇಡ".

ಕೀಮೋ ಕೊಟ್ಟ ಮೇಲೆ ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಆ ದಿನಗಳಲ್ಲಿ ಪ್ರಯಾಣ ಬೇಡ. ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಕಣಗಳು 500ಕ್ಕಿಂತ ಕೆಳಗಿದ್ದರೆ ಅದು ಅಪಾಯದ ಮಟ್ಟ. ಹೊರಡುವ ಒಂದೆರಡು ದಿನ ಮುಂಚೆ ರಕ್ತ ಪರೀಕ್ಷೆ ಮಾಡಿಸಿ, ರಕ್ತಕಣಗಳ ಕೌಂಟ್ ನೋಡಿಯೇ ಚೀಲ ತುಂಬಿಸಿ. ರಕ್ತದ ಕ್ಯಾನ್ಸರ್‌ನ ಮಕ್ಕಳಿಗೆ ಮೇಂಟೆನೆನ್ಸ್ ಎನ್ನುವ ಕೊನೆಯ, ಹಗುರ ಚಿಕಿತ್ಸೆಯ ಹಂತದಲ್ಲಿ ಇದಕ್ಕೆ ಜಾಸ್ತಿ ಅವಕಾಶ ಸಿಗುತ್ತದೆ. ಆ ಹಂತದಲ್ಲೂ ಸ್ಟಿರಾಯ್ಡ್ ಮಾತ್ರೆ ಕೊಡುವ ದಿನಗಳನ್ನು ಬಿಟ್ಟು ದಿನ ಆರಿಸಿ. ಆ ದಿನಗಳಲ್ಲಿ ಮಗುವಿಗೆ ವಿಪರೀತ ಹಸಿವು, ಸಿಟ್ಟು, ಅಳು. ಎಷ್ಟು ಒಳ್ಳೆಯ ಜಾಗಕ್ಕೆ ಕರೆದುಕೊಂಡು ಹೋದರೂ ಅದಕ್ಕೆ ರುಚಿಸುವುದಿಲ್ಲ.

ಥಲಸ್ಸೀಮಿಯಾ ಇದ್ದರೆ ರಕ್ತ ಹಾಕಿಸಿದ ಮೇಲಿನ ಮೊದಲ ದಿನಗಳು ಒಳ್ಳೆಯವು. ಹಿಮೋಗ್ಲೋಬಿನ್ ಚೆನ್ನಾಗಿರುತ್ತದೆ, ಮಗು ಓಡಾಡುತ್ತದೆ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ಕಾಯಿಲೆ ಇದ್ದರೆ ನೀರು ಕಡಿಮೆಯಾಗುವುದು, ಚಳಿ, ತೀರಾ ಎತ್ತರದ ಜಾಗ ಈ ಮೂರೂ ನೋವು ಎಬ್ಬಿಸಬಹುದು. ತಣ್ಣೀರಿನಲ್ಲಿ ಆಟ ಬೇಡ. ಡುಶೆನ್ ಮಕ್ಕಳು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಒಂದು ದಿನವೂ ತಪ್ಪಿಸಬಾರದು. ಮಾತ್ರೆ ಮನೆಯಲ್ಲೇ ಮರೆತು ಹೋಗದ ಹಾಗೆ ಎರಡು ಕಡೆ ಇಟ್ಟುಕೊಳ್ಳಿ.

ಡಾಕ್ಟರ ಹತ್ತಿರ ಒಂದು ಪುಟದ ಪತ್ರ ಕೇಳಿ ಪಡೆಯಿರಿ. ಕಾಯಿಲೆಯ ಹೆಸರು, ಚಿಕಿತ್ಸೆ ಯಾವ ಹಂತದಲ್ಲಿದೆ, ಈಗಿನ ಔಷಧಿ ಮತ್ತು ಪ್ರಮಾಣ, ಅಲರ್ಜಿ, ಔಷಧಿ ಕೊಡಲು ಮೈಯಲ್ಲಿ ಇಟ್ಟಿರುವ ಪೋರ್ಟ್ ಅಥವಾ ಕೈಯ ಪಿಕ್ ಲೈನ್ ನಳಿಕೆ ಇದೆಯಾ, ಜ್ವರ ಬಂದರೆ ಯಾವ ಆಂಟಿಬಯಾಟಿಕ್ ಶುರು ಮಾಡಬೇಕು, ರಾತ್ರಿಯಲ್ಲೂ ಎತ್ತುವ ಫೋನ್ ನಂಬರ್. ದಪ್ಪ ಫೈಲ್ ಹೊತ್ತುಕೊಂಡು ಹೋದರೂ ಗೊತ್ತಿಲ್ಲದ ಊರಿನ ಡಾಕ್ಟರಿಗೆ ಮೊದಲ ಹತ್ತು ನಿಮಿಷದಲ್ಲಿ ಬೇಕಾಗುವುದು ಈ ಒಂದು ಹಾಳೆ. ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲ್‌ನಲ್ಲಿಡಿ.

ಜಾಗ ಆರಿಸುವಾಗ ನಕ್ಷೆಯಲ್ಲಿ ಮೊದಲು ಆಸ್ಪತ್ರೆ ಹುಡುಕಿ

ಸಮುದ್ರವನ್ನೇ ತೆಗೆದುಕೊಳ್ಳಿ. ಕರಾವಳಿಯ ಉದ್ದಕ್ಕೂ ಚೆಂದದ ಕಡಲ ತೀರಗಳಿವೆ. ಗೋಕರ್ಣ, ಮುರುಡೇಶ್ವರ, ಕಾರವಾರ ಎಲ್ಲವೂ ಸೊಗಸು. ಆದರೂ ಚಿಕಿತ್ಸೆ ನಡೆಯುತ್ತಿರುವ ಮಗುವಿಗೆ ನಾನು ಮಲ್ಪೆಯನ್ನೇ ಹೇಳುತ್ತೇನೆ. ಅಲ್ಲಿಂದ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ. ಉತ್ತರ ಕನ್ನಡದ ಜನ ತಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೇಳುತ್ತಿದ್ದಾರೆ. ಅಲ್ಲಿಂದ ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಮಗುವಿಗೆ ಜ್ವರ ಬಂದ ರಾತ್ರಿ ಆ ದೂರ ತುಂಬಾ ದೊಡ್ಡದಾಗುತ್ತದೆ.

ಮಲ್ಪೆಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಡಲು ಒರಟು, ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಕೂಡ ಇರುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆ ಮೇಲೆ ಮಾತ್ರ ತೀರಕ್ಕೆ ಇಳಿಯಿರಿ. ಮೆಥೋಟ್ರೆಕ್ಸೇಟ್, ಸೆಪ್ಟ್ರಾನ್ ಮುಂತಾದ ಔಷಧಿ ತೆಗೆದುಕೊಳ್ಳುವ ಮಕ್ಕಳ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಟೋಪಿ, ಉದ್ದ ತೋಳಿನ ಹತ್ತಿ ಅಂಗಿ ಇರಲಿ. ಪಿಕ್ ಲೈನ್ ಇದ್ದರೆ ಆ ಕೈ ನೀರಿಗೆ ಇಳಿಯಲೇಬಾರದು. ಪಾದ ಮುಳುಗುವಷ್ಟು ನೀರಿನಲ್ಲಿ, ಅಪ್ಪನ ಕೈ ಹಿಡಿದು ನಿಂತರೆ ಅಲೆಯೇ ಬಂದು ಆಟ ಆಡಿಸುತ್ತದೆ. ಅಷ್ಟಕ್ಕೇ ಮಕ್ಕಳು ಕುಣಿಯುತ್ತಾರೆ.

ಪ್ರಾಣಿ ನೋಡುವ ಆಸೆಗೆ ಮೈಸೂರು. 1892ರಲ್ಲಿ ಶುರುವಾದ ಅಲ್ಲಿನ ಮೃಗಾಲಯಕ್ಕೆ ಮಂಗಳವಾರ ರಜೆ. ಒಳಗೆ ಬ್ಯಾಟರಿ ಗಾಡಿ ಸಿಗುತ್ತದೆ, ಮಗು ನಡೆಯಬೇಕಾಗಿಲ್ಲ. ಭಾನುವಾರ ಸಂಜೆ ಅರಮನೆಯ ದೀಪ ನೋಡಿ, ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಮೃಗಾಲಯಕ್ಕೆ ಹೋಗಿ, ಮಂಗಳವಾರ ಮನೆಗೆ ಬಂದುಬಿಡಬಹುದು. ದೀಪವನ್ನು ಜನರ ನಡುವೆ ನಿಂತು ನೋಡಬೇಕಾಗಿಲ್ಲ, ದೂರದಿಂದ ಇನ್ನೂ ಚೆನ್ನಾಗಿ ಕಾಣುತ್ತದೆ. ದಸರಾ ಸಮಯ ಮಾತ್ರ ಬೇಡವೇ ಬೇಡ.

ಆನೆ ಬೇಕು ಅಂದರೆ ಶಿವಮೊಗ್ಗ ಹತ್ತಿರದ ಸಕ್ರೆಬೈಲಿನಲ್ಲಿ ಬೆಳಿಗ್ಗೆ ಆನೆಗಳ ಸ್ನಾನ ನೋಡಬಹುದು. ದಡದಿಂದ ನೋಡಲಿ. ಮುಟ್ಟುವುದು, ತಿನ್ನಿಸುವುದು, ಅದೇ ನೀರಿಗೆ ಇಳಿಯುವುದು ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಗುವಿಗೆ ಬೇಡ. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ನವೆಂಬರ್‌, ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ರಕ್ತ ಹೀರುವ ಉಣ್ಣೆ ಹುಳ ಕಚ್ಚುವುದರಿಂದ ಹರಡುವ ಕಾಯಿಲೆ ಅದು. ಆಗ ಕಾಡಿನೊಳಗೆ ಓಡಾಟ ಬೇಡ.

ರೈಲಿನ ಹುಚ್ಚಿರುವ ಮಕ್ಕಳು ತುಂಬಾ ಜನ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಒಂದೊಂದನ್ನೂ ಎಣಿಸುತ್ತಾ ಕೂರುವ ಮಕ್ಕಳಿಗೆ ದಾರಿಯೇ ಪ್ರವಾಸ. 2021ರಿಂದ ಈ ದಾರಿಯ ಹಗಲು ರೈಲಿಗೆ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಬಂದಿದೆ. ಘಾಟಿಯಲ್ಲಿ ಆಗಾಗ ಕಾಮಗಾರಿ, ಮಳೆಗಾಲದಲ್ಲಿ ಗುಡ್ಡ ಕುಸಿತ ಇರುತ್ತದೆ, ಆದ್ದರಿಂದ ರೈಲು ಓಡುತ್ತಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕೀಮೋ ಆದ ಮಕ್ಕಳಿಗೆ ವಾಂತಿ ಬೇಗ ಬರುತ್ತದೆ. ಆಗುಂಬೆ, ಶಿರಾಡಿ ತಿರುವುಗಳಲ್ಲಿ ಕಾರಿಗಿಂತ ರೈಲು ಎಷ್ಟೋ ಮೇಲು.

ವಿಮಾನದ ಬಗ್ಗೆ ಒಂದು ವಿಷಯ ತಿಳಿದಿರಲಿ. ಮೇಲೆ ಹೋದಾಗ ವಿಮಾನದೊಳಗಿನ ಗಾಳಿ 6,000ರಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗುತ್ತದೆ. ನಮಗೆ ಗೊತ್ತಾಗುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆ ಇರುವ, ಶ್ವಾಸಕೋಶ ಅಥವಾ ಹೃದಯದ ತೊಂದರೆ ಇರುವ ಮಗುವಿಗೆ ಗೊತ್ತಾಗುತ್ತದೆ. ಡಾಕ್ಟರು ತುಂಬಬೇಕಾದ ಮೆಡಿಫ್ ಎಂಬ ಫಾರಂ ವಿಮಾನ ಕಂಪನಿಗಳಲ್ಲಿ ಸಿಗುತ್ತದೆ. ವೀಲ್‌ಚೇರ್, ಆಕ್ಸಿಜನ್ ಬೇಕಿದ್ದರೆ ಕೆಲವು ದಿನ ಮುಂಚೆಯೇ ಹೇಳಬೇಕು. ನಿಮ್ಮದೇ ಸಿಲಿಂಡರ್ ಒಯ್ಯಲು ಬಿಡುವುದಿಲ್ಲ.

ದುಡ್ಡಿನ ಮಾತು

ಚಿಕಿತ್ಸೆಗೆ ಎತ್ತಿಟ್ಟ ದುಡ್ಡನ್ನು ಮುಟ್ಟಬೇಡಿ, ಪ್ರವಾಸಕ್ಕಾಗಿ ಸಾಲವನ್ನೂ ಮಾಡಬೇಡಿ. ಮಗುವಿನ ಆಸೆ ನೆರವೇರಿಸುವುದಕ್ಕೆಂದೇ ಇರುವ ಸಂಸ್ಥೆಗಳಿವೆ. 1980ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಪೊಲೀಸ್ ಆಗಬೇಕೆಂದಿದ್ದ, ರಕ್ತದ ಕ್ಯಾನ್ಸರ್ ಇದ್ದ 7 ವರ್ಷದ ಹುಡುಗನೊಬ್ಬನಿಗೆ ಅಲ್ಲಿನ ಪೊಲೀಸರು ಸಮವಸ್ತ್ರ ಹೊಲಿಸಿ, ಹೆಲಿಕಾಪ್ಟರ್‌ನಲ್ಲಿ ಕೂರಿಸಿ, ಒಂದು ದಿನದ ಮಟ್ಟಿಗೆ ತಮ್ಮವನಾಗಿ ಮಾಡಿಕೊಂಡರು. ಮೇಕ್-ಎ-ವಿಶ್ ಹುಟ್ಟಿದ್ದು ಅಲ್ಲಿಂದ. ಅದರ ಭಾರತದ ಶಾಖೆ 1996ರಿಂದ ಕೆಲಸ ಮಾಡುತ್ತಿದೆ. 3ರಿಂದ 18 ವರ್ಷದ, ಜೀವಕ್ಕೆ ಅಪಾಯವಿರುವ ಕಾಯಿಲೆಯ ಮಕ್ಕಳ ಹೆಸರನ್ನು ಅಪ್ಪ ಅಮ್ಮ ಅಥವಾ ಡಾಕ್ಟರು ಕೊಡಬಹುದು. ಚಿಕಿತ್ಸೆ ಕೊಡುವ ಡಾಕ್ಟರ ಒಪ್ಪಿಗೆ ಬೇಕೇ ಬೇಕು. ನಿಮ್ಮ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ, ಅವರಿಗೆ ದಾರಿ ಗೊತ್ತಿರುತ್ತದೆ. ಮಗುವಿನ ಕುಟುಂಬದಿಂದ ಯಾರಾದರೂ "ನೋಂದಣಿ ಶುಲ್ಕ" ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ರೈಲಿನ ರಿಯಾಯಿತಿಯಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕ್ಯಾನ್ಸರ್, ಥಲಸ್ಸೀಮಿಯಾ ರೋಗಿಗಳಿಗೆ ಸಿಗುವ ರಿಯಾಯಿತಿ ಚಿಕಿತ್ಸೆಗೆ, ತಪಾಸಣೆಗೆ ಹೋಗಿ ಬರಲು ಮಾತ್ರ. ಪ್ರವಾಸಕ್ಕೆ ಬಳಸಿದರೆ ತಪ್ಪಾಗುತ್ತದೆ. ಆದರೆ ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲ ಮಗುವಿಗೆ ಇರುವ ರಿಯಾಯಿತಿ ಬೇರೆ. ಅದು ಯಾವ ಕಾರಣದ ಪ್ರಯಾಣಕ್ಕೂ ಸಿಗುತ್ತದೆ. ಸ್ಲೀಪರ್, ಮೂರನೇ ದರ್ಜೆ ಎಸಿಯಲ್ಲಿ ನೂರಕ್ಕೆ 75ರಷ್ಟು, ಜೊತೆಗೆ ಹೋಗುವ ಒಬ್ಬರಿಗೂ ಸೇರಿ. ಡುಶೆನ್‌ನಿಂದ ವೀಲ್‌ಚೇರ್ ಹಿಡಿದ ಮಕ್ಕಳ ಮನೆಯವರು ರೈಲ್ವೆಯ ಗುರುತಿನ ಚೀಟಿ ಮಾಡಿಸಿಟ್ಟುಕೊಳ್ಳಿ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೋಗುವುದಾದರೆ 2023ರ ಜೂನ್‌ನಿಂದ ರಾಜ್ಯದೊಳಗೆ ಅಮ್ಮ, ಅಜ್ಜಿ, ಅಕ್ಕ ಎಲ್ಲರಿಗೂ ಟಿಕೆಟ್ ಉಚಿತ. ತುಂಬಿದ ಬಸ್ ಮಾತ್ರ ಹತ್ತಬೇಡಿ.

ಚೀಲದಲ್ಲಿ ಏನಿರಬೇಕು

ಔಷಧಿ ಎರಡು ದಿನ ಜಾಸ್ತಿಯೇ ಇರಲಿ, ಕೈಚೀಲದಲ್ಲಿ ಇರಲಿ, ಡಿಕ್ಕಿಯಲ್ಲಿ ಬೇಡ. ನಿಲ್ಲಿಸಿದ ಕಾರಿನ ಬಿಸಿಗೆ ಔಷಧಿ ಕೆಡುತ್ತದೆ. ಡಿಜಿಟಲ್ ಥರ್ಮಾಮೀಟರ್, ಡಾಕ್ಟರು ಬರೆದ ವಾಂತಿ ಮಾತ್ರೆ, ಓಆರ್‌ಎಸ್, ಮಾಸ್ಕ್, ಸ್ಯಾನಿಟೈಸರ್, ವಾಂತಿಗೆ ಪ್ಲಾಸ್ಟಿಕ್ ಕವರ್, ಎರಡು ಜೊತೆ ಬಟ್ಟೆ ಕೈಗೆ ಸಿಗುವ ಹಾಗಿರಲಿ. ಮಗುವಿನದೇ ದಿಂಬು, ಹೊದಿಕೆ ಒಯ್ಯಿರಿ. ನೋವಿಗೆ ಮಾರ್ಫಿನ್ ಕೊಡುತ್ತಿದ್ದರೆ ಡಾಕ್ಟರು ಬರೆದ ಚೀಟಿಯೂ ಜೊತೆಗಿರಬೇಕು.

ಊಟ ಬಿಸಿಬಿಸಿ ಇರಲಿ. ನಿಮ್ಮ ಎದುರೇ ಬೇಯಿಸಿದ ಇಡ್ಲಿ, ಬಿಸಿ ಅನ್ನ ಸಾರು, ನೀವೇ ಸಿಪ್ಪೆ ಸುಲಿದ ಬಾಳೆಹಣ್ಣು ಸಾಕು. ಹೋಟೆಲಿನ ತೆಂಗಿನಕಾಯಿ ಚಟ್ನಿ, ಹೆಚ್ಚಿಟ್ಟ ಹಣ್ಣು, ಕೋಸಂಬರಿ, ಐಸ್ ಹಾಕಿದ ಜ್ಯೂಸ್, ಪಾನಿಪೂರಿ ಬೇಡ. ಅಡುಗೆಮನೆ ಇರುವ ಹೋಮ್‌ಸ್ಟೇ ಸಿಕ್ಕರೆ ಒಂದು ಸಣ್ಣ ಕುಕ್ಕರ್ ಎಷ್ಟೋ ಚಿಂತೆ ಕಳೆಯುತ್ತದೆ. ಕೋಣೆ ನೆಲಮಹಡಿಯಲ್ಲಿರಲಿ, ಬಚ್ಚಲಿಗೆ ವೀಲ್‌ಚೇರ್ ಹೋಗುತ್ತದೆಯಾ ಅಂತ ಫೋನಿನಲ್ಲಿ ಕೇಳಿದರೆ ಸಾಲದು, ಬಾಗಿಲಿನ ಫೋಟೋ ಕಳಿಸಲು ಹೇಳಿ.

ಹೊರಟ ಮೇಲೆ: ದಿನಕ್ಕೆ ಒಂದೇ

ದಿನಕ್ಕೆ ಒಂದೇ ಕಾರ್ಯಕ್ರಮ ಇಟ್ಟುಕೊಳ್ಳಿ. ಬೆಳಿಗ್ಗೆ ಸಮುದ್ರ ಅಂದರೆ ಮಧ್ಯಾಹ್ನ ನಿದ್ದೆ, ಸಂಜೆ ಮಗು ಕೇಳಿದರೆ ಮತ್ತೆ ಅದೇ ಸಮುದ್ರ. "ಇಷ್ಟು ದೂರ ಬಂದಿದ್ದೀವಿ, ಕೃಷ್ಣ ಮಠ ನೋಡಿಬಿಡೋಣ, ಹಾಗೇ ಮುಂದೆ ಅಲ್ಲಿಗೂ ಹೋಗೋಣ" ಅನ್ನುವ ಆಸೆ ದೊಡ್ಡವರಿಗೆ ಬಂದೇ ಬರುತ್ತದೆ. ತಡೆದುಕೊಳ್ಳಿ. ಮಗು ಕೋಣೆಯಲ್ಲೇ ಕೂತು ಅಣ್ಣನ ಜೊತೆ ಇಸ್ಪೀಟ್ ಆಡುತ್ತೇನೆ ಅಂದರೆ ಆಡಲಿ. ಆಸ್ಪತ್ರೆಯಲ್ಲಿ ಯಾವಾಗ ಏಳಬೇಕು, ಯಾವ ಕೈ ಚಾಚಬೇಕು ಎಲ್ಲವನ್ನೂ ಬೇರೆಯವರು ಹೇಳಿರುತ್ತಾರೆ. ಇಲ್ಲಿ ಹೇಳುವ ಹಕ್ಕು ಮಗುವಿಗೆ ಇರಲಿ.

ಅಣ್ಣ, ಅಕ್ಕ, ತಂಗಿಯರನ್ನು ಬಿಟ್ಟು ಹೋಗಬೇಡಿ. ತಿಂಗಳುಗಟ್ಟಲೆ ಅಜ್ಜಿ ಮನೆಯಲ್ಲೋ ಪಕ್ಕದ ಮನೆಯಲ್ಲೋ ಉಳಿದು, ಅಮ್ಮನನ್ನು ಫೋನಿನಲ್ಲೇ ನೋಡಿದ ಮಕ್ಕಳು ಅವರು. ಅವರದ್ದೂ ಒಂದು ಸಣ್ಣ ಬೇಡಿಕೆ ಈ ಪ್ರವಾಸದಲ್ಲಿ ನಡೆಯಲಿ. ಯಾರಿಗಾದರೂ ನೆಗಡಿ, ಜ್ವರ, ಮೈಮೇಲೆ ಗುಳ್ಳೆ ಇದ್ದರೆ ಮಾತ್ರ ದಿನ ಮುಂದೂಡಿ. "ಅಮ್ಮ ಬಂದಿದೆ" ಅನ್ನುವ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ಇರುವವರ ಹತ್ತಿರ ಮಗು ಹೋಗಿತ್ತು ಅಂತ ಗೊತ್ತಾದರೆ ಗುಳ್ಳೆ ಬರಲಿ ಅಂತ ಕಾಯದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬೇಗ ತಿಳಿಸಿದರೆ ತಡೆಯುವ ಔಷಧಿ ಕೊಡಬಹುದು.

ಫೋಟೋ ತೆಗೆಯಿರಿ, ಆದರೆ ಕೂದಲಿಲ್ಲದ ತಲೆಯ ಫೋಟೋವನ್ನು ಮಗುವನ್ನು ಕೇಳದೆ ಸ್ಟೇಟಸ್‌ಗೆ ಹಾಕಬೇಡಿ. ಸಹಾಯ ಮಾಡಿದವರು ಬ್ಯಾನರ್ ಹಿಡಿದು ನಿಲ್ಲಿಸಲು ಬಂದರೆ "ಬೇಡ" ಅನ್ನುವ ಹಕ್ಕು ನಿಮಗಿದೆ.

ಜ್ವರ ಬಂದರೆ

ಕೀಮೋ ನಡೆಯುತ್ತಿರುವ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. "ಬಿಸಿಲಿಗೆ ಬಂದಿರಬೇಕು, ಬೆಳಿಗ್ಗೆ ನೋಡೋಣ" ಅನ್ನಬೇಡಿ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಜ್ವರವನ್ನು ಮುಚ್ಚಿಟ್ಟು ಸೋಂಕನ್ನು ಬೆಳೆಯಲು ಬಿಡುತ್ತದೆ. ನಿಮ್ಮ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108. ತುರ್ತು ವಿಭಾಗದ ಬಾಗಿಲಲ್ಲೇ "ಕೀಮೋ ಮಗು, ಜ್ವರ ಇದೆ" ಅಂತ ಹೇಳಿ ಆ ಒಂದು ಹಾಳೆಯ ಪತ್ರ ಕೊಡಿ. ಒಳಗೆ ಹೋದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು. ಜ್ವರವಿಲ್ಲದೆ ಮಗು ತೀರಾ ಸೋತು ಮಲಗಿದರೆ, ನಡುಗಿದರೆ, ಮೂಗಿನಲ್ಲಿ ರಕ್ತ ನಿಲ್ಲದಿದ್ದರೆ ಕೂಡ ಹೀಗೆಯೇ ಮಾಡಿ.

ಮನೆಗೆ ಬಂದ ಮೇಲೂ ಕೆಲವು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ. ಮುಂದಿನ ಚಿಕಿತ್ಸೆಯ ತಾರೀಖಿಗೂ ಪ್ರವಾಸಕ್ಕೂ ನಡುವೆ ಕನಿಷ್ಠ ಎರಡು ದಿನದ ವಿಶ್ರಾಂತಿ ಇರಲಿ.

ಹೋಗಲು ಆಗದಿದ್ದರೆ

ಕೌಂಟ್ ಕುಸಿದು ಹೊರಡುವ ಹಿಂದಿನ ದಿನ ಎಲ್ಲ ನಿಂತುಹೋಗುವುದೂ ಉಂಟು. ಹಾಗಾಗಿ ವಾಪಸ್ ಹಣ ಸಿಗುವ ಟಿಕೆಟ್, ರದ್ದು ಮಾಡಬಹುದಾದ ಕೋಣೆಯನ್ನೇ ಹಿಡಿಯಿರಿ. ಮಗುವಿಗೆ ಮೊದಲಿನಿಂದಲೇ "ರಕ್ತ ಪರೀಕ್ಷೆ ಚೆನ್ನಾಗಿ ಬಂದ ವಾರ ಹೋಗೋದು" ಅಂತ ಹೇಳಿಟ್ಟಿರಿ. ತಾರೀಖು ಹೇಳಿ ಮುರಿಯುವುದಕ್ಕಿಂತ ಅದು ಮೇಲು.

ಚಿಕಿತ್ಸೆ ಇನ್ನು ಕೆಲಸ ಮಾಡುತ್ತಿಲ್ಲ ಎಂದು ಡಾಕ್ಟರು ಹೇಳಿರುವ ಮಗುವಿದ್ದರೆ ಈ ಬರಹದ ಎಷ್ಟೋ "ಬೇಡ"ಗಳು ಸಡಿಲವಾಗುತ್ತವೆ. ಚಟ್ನಿ ಬೇಕು ಅಂದರೆ ಕೊಡಬಹುದಾ, ಇನ್ನೂ ದೂರ ಹೋಗಬಹುದಾ ಅಂತ ನೋವು ನಿವಾರಣೆಯ ಪ್ಯಾಲಿಯೇಟಿವ್ ಡಾಕ್ಟರನ್ನು ಕೇಳಿ. ನೋವಿನ ಔಷಧಿಯನ್ನು ಪ್ರಯಾಣಕ್ಕೆ ಹೊಂದಿಸಿ, ದಾರಿಯಲ್ಲಿ ಏನಾದರೆ ಏನು ಮಾಡಬೇಕೆಂದು ಬರೆದುಕೊಡುವುದು ಅವರ ಕೆಲಸವೇ. ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಕೊನೆ ಹಂತದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ಕೊಡುತ್ತವೆ. ಆಗ ಮೂರು ದಿನದ ಪ್ರವಾಸದ ಯೋಚನೆ ಬಿಟ್ಟು, ಒಂದು ಸಂಜೆಯ ಮಟ್ಟಿಗೆ ಯೋಚಿಸಿ. ಕಾರಿನ ಹಿಂದಿನ ಸೀಟಿಗೆ ಹಾಸಿಗೆ ಹಾಕಿ ಅಜ್ಜಿ ಮನೆಯ ಅಂಗಳದವರೆಗೆ ಹೋಗಿ ಬರುವುದು ಹಲವು ಮಕ್ಕಳಿಗೆ ಸಾಧ್ಯವಾಗುತ್ತದೆ. ಅದಕ್ಕೂ ಆಗದಿದ್ದರೆ ಅಜ್ಜಿಯನ್ನು, ಚಿಕ್ಕಪ್ಪನ ಮಕ್ಕಳನ್ನು, ಮನೆಯ ನಾಯಿಮರಿಯ ವಿಡಿಯೋ ಕಾಲನ್ನು ಮಂಚದ ಹತ್ತಿರ ತನ್ನಿ. ವಾರ್ಡ್‌ನ ಹೆಡ್ ನರ್ಸ್ ಹತ್ತಿರ ಮಾತಾಡಿ, ಭೇಟಿಯ ಸಮಯ ಸ್ವಲ್ಪ ಜಾಸ್ತಿ ಕೊಡಿ ಅಂತ ಕೇಳಿ. ಕೇಳಿದರೆ ಹೆಚ್ಚಿನವರು ಕೊಡುತ್ತಾರೆ. ಈ ಮಾತನ್ನು ನಾಳೆಗೆ ಇಡದೆ ಇವತ್ತೇ ಕೇಳಿ.